ಮಂಗನಿಗೆ ಮಣ್ಣು ಕೊಟ್ಟ ಮೇಷ್ಟ್ರು

ಈ ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ, ಮಂಗನ ಜ್ವರದ ಕಾಡಿಗೆ ಕಾಲಿಡಬೇಡಿ ಎಂದು ತಡೆದ ಹದಿನೆಂಟು ದಿನಗಳ ಕೂಲಿ ಕ್ಯಾಸನೂರಿನ ಸೌದೆ ಹೊರುವ ಹೆಂಗಸರಿಗೆ ಸರ್ಕಾರದಿಂದ ಇನ್ನೂ ಬಂದಿಲ್ಲ. ತಡೆದವರಲ್ಲಿ ಶಿಕಾರಿಪುರದ ಗುರುಮಲ್ಲಪ್ಪನೂ ಒಬ್ಬ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಭಾನುವಾರ ಬಂದರೆ ಸೊರಬದ ಬಸ್ಸು ಹತ್ತಿ, ರಕ್ತ ಹೀರಿ ಜ್ವರ ಹರಡುವ ಉಣುಗು ಹುಳ ಹಿಡಿಯಲು ಇಲ್ಲಿಗೆ ಬರುತ್ತಾನೆ. ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ.

ಮೊನ್ನೆ ಭಾನುವಾರ ಊರಂಚಿನಲ್ಲಿ ಮಂಗವೊಂದು ಸತ್ತುಬಿದ್ದಿತ್ತು. ಸೌದೆ ಹೊರುವ ವೀರಮ್ಮ ಪದ್ಧತಿಯಂತೆ ಅರಿಶಿನ ಕುಂಕುಮ ತಂದು, ಅದನ್ನೆತ್ತಿ ಹೂಳಲು ಬಗ್ಗಿದಳು.

"ಮುಟ್ಟಬ್ಯಾಡ್ರೀ ವೀರಮ್ಮ! ಅದರ ಮೈಮೇಲಿನ ಉಣುಗು ನಿಮಗೆ ಹತ್ತಿದ್ರೆ ಮುಗೀತು," ಎಂದು ಗುರುಮಲ್ಲಪ್ಪ ಓಡಿಬಂದ.

"ಕಾಡಿಗೆ ಹೋಗ್ಬೇಡಿ ಅಂದ್ರಿ, ಒಲೆ ಆರಿಸ್ಕಂಡು ಕೂತ್ವಿ. ಈಗ ಹನುಮಪ್ಪಂಗೆ ಮಣ್ಣೂ ಕೊಡಬಾರ್ದಾ? ನಿಮಗೇನು ಮೇಷ್ಟ್ರೇ, ತಿಂಗಳಾದ್ರೆ ಸಂಬಳ."

ಮಾತು ನಾಟಿತು. ಗುರುಮಲ್ಲಪ್ಪ ಕೈಗವಸು ತೊಟ್ಟು ಉಣುಗುಗಳನ್ನು ಸೀಸೆಗೆ ಹಾಕಿಕೊಂಡ. ತಾನೇ ಗುಂಡಿ ತೋಡಿ ಮಂಗನನ್ನು ಹೂತ, ವೀರಮ್ಮ ದೂರ ನಿಂತು ಹೇಳಿದಂತೆ ಕುಂಕುಮವನ್ನೂ ಹಾಕಿದ. ಮರುದಿನ ತರಗತಿಯಲ್ಲಿ ಸೀಸೆ ತೋರಿಸಿ ಪಾಠ ಮಾಡಿದವನೇ, ಆ ಹೆಂಗಸರ ಹದಿನೆಂಟು ದಿನಗಳ ಕೂಲಿ ಕೇಳುವ ಅರ್ಜಿಯನ್ನು ವಿದ್ಯಾರ್ಥಿಗಳಿಂದಲೇ ಬರೆಸಿದ.

"ಏನ್ರೀ, ಪಾಠ ಮಾಡ್ತೀರೋ, ಪುಢಾರಿಕೆ ಮಾಡ್ತೀರೋ?" ಎಂದರು ಪ್ರಿನ್ಸಿಪಾಲರು.

"ಇದೂ ಪಾಠಾನೇ ಸಾರ್. ಕಾಡಿಗೆ ಹೋಗಬ್ಯಾಡ್ರಿ ಅಂದೋನೇ ಕೂಲಿನೂ ಕೇಳಬೇಕು."

ಓದುಗರೇ, ಆ ಅರ್ಜಿಯ ಕೆಳಗೆ ಇನ್ನೂ ಜಾಗವಿದೆ. ನಿಮ್ಮ ಮರುಕ ಯಾರಿಗೂ ಬೇಡ. ಸಹಿ ಹಾಕಿ.