ಮಗಳು ಹೇಳಿದ ಮನೆದೇವರು

“ನಿಮ್ಮ ಮನೆದೇವ್ರು ಯಾವುದ್ರೀ?”

ಕಾಲೇಜು ಸೇರಿದ ಮಗಳಿಗೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ರೂಮು ನೋಡುತ್ತಿದ್ದಾಗ ಮನೆಯೊಡತಿ ಕೇಳಿದರು. ನಮ್ಮ ಕಡೆ ಜಾತಿಯನ್ನು ನೇರವಾಗಿ ಕೇಳುವುದಿಲ್ಲ, ಹೀಗೇ ಕೇಳುತ್ತಾರೆ. ಬೆಳಗ್ಗೆಯಿಂದ ಹೋದ ಮನೆಗಳಲ್ಲೆಲ್ಲ ನಾನು ನಿಜ ಹೇಳಿದ್ದೆ. ಹೇಳಿದ ಮರುಗಳಿಗೆಯೇ ಆ ರೂಮುಗಳೆಲ್ಲ ಬೇರೆಯವರ ಪಾಲಾಗಿಬಿಡುತ್ತಿದ್ದವು!

‘ಮಾತಂಗಮ್ಮ’ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳೇ, “ವೀರಭದ್ರ ದೇವ್ರು, ಆಂಟಿ” ಅಂದುಬಿಟ್ಟಳು.

ಒಡತಿಯ ಮುಖ ಅರಳಿತು. “ನಮ್ಮೋರೇ ಆದ್ರಲ್ಲ, ಕೂಡ್ರಿ” ಎಂದು ಚಾ ಕೊಟ್ಟರು. ನಾನು ಅಡ್ವಾನ್ಸು ಎಣಿಸಿ ಕೊಟ್ಟೆ, ರೂಮು ಸಿಕ್ಕಿತು.

ಕಳಿಸಲು ಗೇಟಿನವರೆಗೆ ಬಂದ ಮಗಳು ನೆಲ ನೋಡುತ್ತ ಹೇಳಿದಳು: “ಇನ್ನ ಇಲ್ಲಿಗೆ ಬರ್ಬ್ಯಾಡವ್ವ. ಏನಾರ ಕೇಳಿದ್ರೆ ನಿನಗೆ ಸುಳ್ಳು ಹೇಳಾಕೆ ಬರಲ್ಲ. ನಾನೇ ಬಸ್‌ಸ್ಟ್ಯಾಂಡಿಗೆ ಬರ್ತೀನಿ.”

ಈಗ ಪ್ರತಿ ಭಾನುವಾರ ನಮ್ಮೂರು ಕುಕ್ಕುವಾಡದಿಂದ ರೊಟ್ಟಿ, ಮೀನು ಸಾರು ಕಟ್ಟಿಕೊಂಡು ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಮಗಳು ಬರುತ್ತಾಳೆ, ಅಲ್ಲೇ ಕೂತು ಆಸೆಯಿಂದ ಉಣ್ಣುತ್ತಾಳೆ. ಆಮೇಲೆ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆದು, ನಮ್ಮನೆಯ ವಾಸನೆ ಉಳಿದಿಲ್ಲ ತಾನೇ ಎಂದು ಮೂಸಿ ನೋಡಿಕೊಂಡೇ ರೂಮಿಗೆ ಹೊರಡುತ್ತಾಳೆ.