ಹಗ್ಗಕ್ಕೆ ಅಂಗಿ ಹೊಲಿಯುವಾಕೆ

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಹಿನ್ನೀರಿನ ತೆಪ್ಪದ ಮೇಲೆ ಆಕೆ ಕಾಲು ಚಾಚಿ ಕೂತಿದ್ದಾರೆ. ತೊಡೆಯ ಮೇಲೆ ಹಗ್ಗ, ಹಗ್ಗದ ಸುತ್ತ ಹಳೆಯ ಹತ್ತಿ ಬಟ್ಟೆ, ಬಟ್ಟೆಯೊಳಗೆ ಉಗುರಿನಷ್ಟು ಚಿಕ್ಕ ಚಿಪ್ಪುಮೀನಿನ ಮರಿಗಳು. ಸೂಜಿ ಇವತ್ತು ಎರಡು ಸಲ ಬೆರಳಿಗೆ ಚುಚ್ಚಿದೆ.

“ಹೊಲಿಗೆಯಕ್ಕಾ, ಹಗ್ಗಕ್ಕೂ ಅಂಗಿ ತೊಡಿಸಿದ್ಯಲ್ಲ, ಗುಂಡಿ ಯಾವಾಗ?” ಎನ್ನುತ್ತಾನೆ ದೋಣಿಯವನು.

“ಮೊದಲು ನಿನ್ನ ಬಾಯಿಗೊಂದು ಗುಂಡಿ ಹಾಕ್ತೀನಿ, ಇರು.”

ಹಗ್ಗವನ್ನು ತೆಪ್ಪದಿಂದ ನೀರಿಗೆ ಇಳಿಬಿಟ್ಟ ಮೇಲೆ ಈ ಅಂಗಿಯ ಆಯುಷ್ಯ ಮೂರು ವಾರ. ಅಷ್ಟರಲ್ಲಿ ಮರಿಗಳು ಹಗ್ಗವನ್ನು ಕಚ್ಚಿ ಹಿಡಿಯಬೇಕು, ಬಟ್ಟೆ ಕರಗಬೇಕು. ಬೇಗ ಹರಿದರೆ ಮರಿಗಳು ನೀರುಪಾಲು. ಹರಿಯದಿದ್ದರೆ ಒಳಗೇ ಉಸಿರುಕಟ್ಟಿ ಸಾಯುತ್ತವೆ. ಮೇವು, ಔಷಧಿ ಏನೂ ಬೇಡ. ನೀರಿನಲ್ಲಿ ಇರುವುದನ್ನೇ ತಿಂದು ಬೆಳೆಯುತ್ತವೆ.

ತಾವು ಹೊಲಿಯುತ್ತಿದ್ದ ಟೈಲರ್ ಅಂಗಡಿ ಮುಚ್ಚಿದ ಮೇಲೆ, ಹನ್ನೊಂದು ವರ್ಷದ ಹಿಂದೆ, ಆಕೆ ಇಲ್ಲಿಗೆ ಬಂದರು. ಮೊದಲ ವರ್ಷ ಗಟ್ಟಿಯಾಗಿರಲಿ ಎಂದು ಪಾಲಿಯೆಸ್ಟರ್ ಪರದೆ ಸುತ್ತಿ ಹೊಲಿದರು. “ಒಂದು ಮರೀನೂ ಉಳೀಲಿಲ್ಲ. ಬಟ್ಟೆ ಮಾತ್ರ ಹೊಸದರ ಹಾಗೆ ಹೊಳೀತಿತ್ತು ನೋಡಿ. ಹಾಳಾಗೋ ಬಟ್ಟೇನೇ ಇಲ್ಲಿ ಒಳ್ಳೆ ಬಟ್ಟೆ ಅಂತ ಆವತ್ತು ಗೊತ್ತಾಯ್ತು.” ಈಗ ದಿನಕ್ಕೆ ನಲವತ್ತು ಹಗ್ಗ ಹೊಲಿಯುತ್ತಾರೆ. ಬಟ್ಟೆ ಎಷ್ಟು ದಿನ ಬಾಳುತ್ತದೆಂದು ಹೆಬ್ಬೆರಳಲ್ಲಿ ಉಜ್ಜಿಯೇ ಹೇಳಬಲ್ಲರು.

ಎಂಟು ತೆಪ್ಪಗಳ ಈ ಕೃಷಿ ಮೂವತ್ತಕ್ಕೆ ಬೆಳೆಯಲಿದೆ. ಸೋಮವಾರ ಇಪ್ಪತ್ತು ಹೊಸ ಹೆಂಗಸರು ಬರುತ್ತಾರೆ. ಅವರಿಗೆ ಕಲಿಸುವ ಹುದ್ದೆ ಹೊಲಿಗೆಯಕ್ಕನಿಗೋ, ಹೊರಗಿನ ಡಿಪ್ಲೊಮಾದವರಿಗೋ ಎಂಬುದು ಇವತ್ತೇ ತೀರ್ಮಾನ. ತಿಂಗಳ ಹಿಂದೆ ಆಕೆಯೂ, ಆಕೆಯಿಂದ ಕಲಿತ ನಾದಿನಿಯೂ ಹೊಲಿದ ಹಗ್ಗಗಳನ್ನು ಕೃಷಿಯ ಮ್ಯಾನೇಜರ್ ಎತ್ತಿಸಿ ನೋಡಲಿದ್ದಾರೆ. “ನಾಲ್ಕನೇ ಕ್ಲಾಸು ಓದಿದವಳು ನಾನು. ಆದ್ರೂ ಕೇಳೇಬಿಟ್ಟೆ, ಆ ಕೆಲಸ ನನಗೇ ಕೊಡಿ ಅಂತ.”

ಬಿಸಿಲೇರುವ ಹೊತ್ತಿಗೆ ಮ್ಯಾನೇಜರ್ ಎದುರು ಆರು ಹಗ್ಗಗಳು ಮೇಲೆ ಬರುತ್ತವೆ. ನೀಲಿ ದಾರ ಕಟ್ಟಿದ ಮೂರು ನಾದಿನಿಯವು. ಅವುಗಳಲ್ಲಿ ಮರಿಗಳ ನಡುವೆ ಬೆರಳಿಡಲೂ ಜಾಗವಿಲ್ಲ. ಹೊಲಿಗೆಯಕ್ಕನ ಕೆಂಪು ದಾರದ ಎರಡೂ ಹಾಗೆಯೇ. ಕೊನೆಯದು ಅರ್ಧಕ್ಕರ್ಧ ಬೋಳು. ಅದರ ದಾರ ಪಾಚಿಯಲ್ಲಿ ಮುಚ್ಚಿಹೋಗಿದೆ.

“ಇದು ನಾದಿನಿಯದ್ದಾ?” ಮ್ಯಾನೇಜರ್ ಕೇಳುತ್ತಾರೆ. ನಾದಿನಿ ತನ್ನದೇ ಎಂಬಂತೆ ತಲೆ ತಗ್ಗಿಸುತ್ತಾಳೆ.

ಹೊಲಿಗೆಯಕ್ಕ ಪಾಚಿ ಉಜ್ಜಿ ಕೆಂಪು ದಾರ ತೋರಿಸುತ್ತಾರೆ. “ನಂದೇ ಸಾರ್. ಇದಕ್ಕೆ ಸುತ್ತಿದ ದಿಂಬಿನ ಕವರು ತೀರಾ ಸವೆದಿತ್ತು. ಗೊತ್ತಿದ್ದೂ ಅವಸರಕ್ಕೆ ಹೊಲಿದುಬಿಟ್ಟೆ.”

ಮ್ಯಾನೇಜರ್ ನೀಲಿ ದಾರದ ಹಗ್ಗಗಳನ್ನು ಇನ್ನೊಮ್ಮೆ ಮುಟ್ಟಿ ನೋಡುತ್ತಾರೆ. “ಕಲಿಸಿದ್ರಲ್ಲಿ ತಪ್ಪಿಲ್ಲ. ಸೋಮವಾರ ಎಂಟಕ್ಕೆ ಬಂದುಬಿಡಿ.”

ದೋಣಿಯವನು ಬೋಳು ಹಗ್ಗವನ್ನು ಕಸಕ್ಕೆ ಎಸೆಯಲು ಹೋದರೆ ಆಕೆ ಕಸಿದುಕೊಳ್ಳುತ್ತಾರೆ.

“ಬಿಸಾಕ್ಬೇಡ್ವೋ. ಸೋಮವಾರ ಮೊದಲ ಪಾಠ ಇದೇ.”