ಚರಗ ಬಿದ್ದ ಮಿಡಿಸೌತೆ

ಕೊಕ್ಕನೂರಿನ ಗಿರಿಯಮ್ಮನ ಮುತ್ತಜ್ಜ ಸಣ್ಣ ನಿಂಗಪ್ಪ ಕುರಿ ಹಿಂಡಿನೊಂದಿಗೆ ತುಂಗಭದ್ರೆ ದಾಟಿ ಬಂದವನು. ಹೊಳೆ ಉಬ್ಬಿದ್ದ ದಿನ ಟಗರನ್ನು ಹೆಗಲ ಮೇಲೆ ಹೊತ್ತು ಎದೆಮಟ್ಟದ ನೀರಿಗೆ ಇಳಿದನಂತೆ. ಟಗರು ಹೋದ ದಾರಿ ಹಿಡಿದು ಇಡೀ ಹಿಂಡು ಈಜಿ ದಡ ಸೇರಿತು. ಅವನ ಮಗ ಕೆಂಚಪ್ಪ ಕುರಿ ಬಿಟ್ಟು ನೇಗಿಲು ಹಿಡಿದ. ಜಾಲಿ ಬೆಳೆದಿದ್ದ ಬೀಳುನೆಲವನ್ನು ಹಸನು ಮಾಡಿ, ಆರಿಸಿದ ಕಲ್ಲಿನಲ್ಲೇ ಬದು ಕಟ್ಟಿದ. ಕೆಂಚಪ್ಪನ ಸೊಸೆ ಯಲ್ಲಕ್ಕ, ಅಂದರೆ ಗಿರಿಯಮ್ಮನ ತಾಯಿ, ಭದ್ರಾ ಕಾಲುವೆಯ ಕೊನೆ ತೂಬಿಗೆ ನೀರು ಬಾರದ ವರ್ಷ ಗುದ್ದಲಿ ಹೊತ್ತು ಮೇಲಿನ ಊರಿನ ತನಕ ನಡೆದು, ಅಡ್ಡ ಕಟ್ಟಿದ್ದ ಒಡ್ಡನ್ನು ಹಾಡಹಗಲೇ ಒಡೆದು ಬಂದವಳು. ಇಂಥ ಮನೆತನದಲ್ಲಿ ಹುಟ್ಟಿದ ಗಿರಿಯಮ್ಮ ಬೆನ್ನು ಬಾಗಿಸುವುದು ಕಳೆ ಕೀಳುವಾಗ ಮಾತ್ರ.

ಆ ಹೊಲದಲ್ಲಿ ಅವಳು ಬೆಳೆಯುವುದು ಮಿಡಿಸೌತೆ. ಕಿರುಬೆರಳಷ್ಟು ಇರುವಾಗಲೇ ಕಿತ್ತು ಉಪ್ಪಿನಕಾಯಿ ಕಂಪನಿಗೆ ಕೊಡಬೇಕು. ಅವರು ಉಪ್ಪುನೀರಿನ ಡ್ರಮ್ಮಿಗೆ ತುಂಬಿ ಹಡಗು ಹತ್ತಿಸುತ್ತಾರೆ. ಮುಂಜಾನೆ ಬಿಟ್ಟ ಕಾಯಿ ಸಂಜೆಗೆ ಹೆಬ್ಬೆರಳಾಗಿ ಕೂತಿರುತ್ತದೆ, ಆಮೇಲೆ ಅದನ್ನು ಮೂಸುವವರಿಲ್ಲ. ಹಾಗಾಗಿ ಹೊತ್ತು ಮೂಡುವ ಮೊದಲೇ ಗಿರಿಯಮ್ಮ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಹೊಲದಲ್ಲಿರುತ್ತಾಳೆ. ಅವಳ ಕೈ ಬಳ್ಳಿಯ ನಡುವೆ ಆಡುವುದನ್ನು ನೋಡಬೇಕು. ಎಲೆ ಅಲುಗುವುದಿಲ್ಲ, ಕಾಯಿ ಮಾತ್ರ ಮಡಿಲಿಗೆ ಬರುತ್ತದೆ.

ಇಂಗ್ಲೆಂಡಿನ ಜೊತೆ ನಮ್ಮ ದೇಶ ವ್ಯಾಪಾರದ ಒಪ್ಪಂದಕ್ಕೆ ಸಹಿ ಹಾಕಿದ ವರ್ಷ, ಕಂಪನಿಯ ಸೂಪರ್‌ವೈಸರ್ ತಿಪ್ಪೇಶ್ ದಾವಣಗೆರೆಯ ವಿನೋಬನಗರದಿಂದ ಬೈಕು ಹತ್ತಿ ಬಂದು ಬದುವಿನ ಮೇಲೆ ಕೂತ.

"ಅಕ್ಕಾ, ಇಷ್ಟು ದಿನ ನಮ್ಮ ಮಾಲು ಆ ದೇಶದ ಬಂದರಿಗೆ ಇಳಿದ್ರೆ ಸುಂಕ ಬೀಳ್ತಿತ್ತು. ಇನ್ನು ಮುಂದೆ ಆ ಸುಂಕ ಇಳೀತತೆ. ಹೊಸ ಗಿರಾಕಿ ಈಗಲೇ ಹೊಲ ನೋಡಾಕ ಜನ ಕಳಿಸ್ತಾನೆ. ನಿನ್ನ ಹೊಲಾನೇ ತೋರಿಸ್ತೀನಿ. ಪಾಸಾದ್ರೆ ನಿಮ್ಮ ಓಣಿ ಹೆಂಗಸರಿಗೆಲ್ಲ ಬೀಜ ಕೊಟ್ಟು ಬೆಳೆಸ್ತಾರೆ."

"ಅಷ್ಟು ದೂರದೋರಿಗೆ ನಮ್ಮೂರ ಕಾಯಿನೇ ಬೇಕೇನು? ಅವರ ಊರಾಗೆ ಬಳ್ಳಿ ಹಬ್ಬಲ್ಲೇನು?" ಎಂದು ಗಿರಿಯಮ್ಮ ನಕ್ಕಳು. ಒಳಗೊಳಗೆ ಮಾತ್ರ ಎದೆ ಉಬ್ಬಿತ್ತು. ಓಣಿಯ ಹೆಂಗಸರು ಕೂಲಿಗೆಂದು ಟೆಂಪೊ ಹತ್ತಿ ಊರೂರು ಅಲೆಯುವುದನ್ನು ತಪ್ಪಿಸಬೇಕೆಂಬುದು ಅವಳ ಬಹು ದಿನದ ಆಸೆ. ಈಗ ಅದೆಲ್ಲ ಈ ಒಂದು ಹೊಲದ ಮೇಲೆ ನಿಂತಿತು.

ಹೊಲದ ಪರೀಕ್ಷೆಯ ದಿನ ಗೊತ್ತಾಯಿತು. ಅದರ ಹಿಂದಿನ ದಿನವೇ ಸೀಗೆ ಹುಣ್ಣಿಮೆ. ಬಯಕೆ ಹೊತ್ತ ಭೂಮಿತಾಯಿಗೆ ಅಂದು ಅಡುಗೆ ಮಾಡಿ, ಎಲ್ಲವನ್ನೂ ಕಲಸಿ ಬೆಳೆಯ ಮೇಲೆ ಚೆಲ್ಲುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆ ಚರಗ ಎನ್ನುತ್ತಾರೆ. ಗಿರಿಯಮ್ಮನ ಗಂಡ ಭರಮಣ್ಣ, ಮನೆ ಅಳಿಯನಾಗಿ ಬಂದ ಸಾಧು ಮನುಷ್ಯ, ಆ ದಿನ ಬುಟ್ಟಿ ಹಿಡಿದು ಸಾಲು ಸಾಲಿಗೂ ಚೆಲ್ಲುತ್ತ ಹೋದ.

"ಸಾಕು ಬಿಡ್ರಿ, ಉಣ್ಣಾಕ ನಮಗೂ ಒಂಚೂರು ಉಳಿಸ್ರಿ!" ಎಂದು ಗಿರಿಯಮ್ಮ ಕೂಗಿದಳು.

"ಇಂಗ್ಲೆಂಡಿಗೆ ಹೋಗೋ ಬೆಳೆ ಐತೆ ಕಣೆ, ಜಿಪುಣತನ ಮಾಡಬ್ಯಾಡ," ಎಂದ ಭರಮಣ್ಣ ಶೇಂಗಾ ಹೋಳಿಗೆಯನ್ನೂ ಎಳ್ಳಿನ ಪುಡಿಯನ್ನೂ ಇನ್ನಷ್ಟು ಕಲಸಿಕೊಂಡ.

ಮರುದಿನ ಬೆಳಿಗ್ಗೆ ತಿಪ್ಪೇಶನ ಬೈಕಿನ ಹಿಂದೆಯೇ ಬಂದ ಕಾರಿನಿಂದ, ಹೊಸ ಗಿರಾಕಿ ಪರೀಕ್ಷೆಗೆಂದು ಕಳಿಸಿದ ಆಶಾರಾಣಿ ಇಳಿದರು. ಬಾವಿ ನೋಡಿದರು, ಔಷಧಿ ಇಡುವ ಕೋಣೆ ನೋಡಿದರು, ಎಲ್ಲಕ್ಕೂ ತಲೆದೂಗಿದರು. ಆಮೇಲೆ ಬಳ್ಳಿಯ ಹತ್ತಿರ ಬಗ್ಗಿ ಒಂದು ಮಿಡಿ ಕಿತ್ತರು. ಅದರ ಮುಳ್ಳುಮುಳ್ಳು ಮೈಗೆ ಏನೋ ಅಂಟಿತ್ತು.

"ಏನಮ್ಮಾ ಇದು?"

ತಿಪ್ಪೇಶ್ ಅವರ ಹಿಂದಿನಿಂದ ಗಿರಿಯಮ್ಮನಿಗೆ ಕಣ್ಣು ಮಿಟುಕಿಸಿ, "ಹಕ್ಕಿ ಏನಾರ ಚೆಲ್ಲಿರ್ತಾವೆ ಮೇಡಂ," ಎಂದ.

"ಹಕ್ಕಿ ಅಲ್ರಿ, ನಮ್ಮ ಯಜಮಾನ್ರು," ಎಂದಳು ಗಿರಿಯಮ್ಮ. "ನಿನ್ನೆ ಹುಣ್ಣಿಮೆ ಚರಗ. ಅನ್ನ, ಕುಂಬಳಕಾಯಿ ಪಲ್ಯ, ಶೇಂಗಾ ಹೋಳಿಗೆ, ಎಳ್ಳುಪುಡಿ."

ಆಶಾರಾಣಿಯವರ ಮುಖ ಬಾಡಿತು. ಅವರು ಕೆಟ್ಟವರಲ್ಲ, ಬದುವಿನ ಮೇಲೆ ಕೂತು ಬಿಡಿಸಿ ಹೇಳಿದರು. ಕೆಲವರ ಮೈಗೆ ಶೇಂಗಾ, ಎಳ್ಳು ಒಗ್ಗುವುದಿಲ್ಲ. ಒಂದು ಚೂರು ಹೋದರೂ ಗಂಟಲು ಬಾತು ಉಸಿರು ಕಟ್ಟುತ್ತದೆ, ಜೀವವೂ ಹೋಗಬಹುದು. ಅದಕ್ಕೇ ಡಬ್ಬಿಯ ಮೇಲೆ ಬರೆಯದ ಪದಾರ್ಥ ಒಳಗೆ ಇರಕೂಡದು. ಸುಂಕ ಇಳಿಯಬಹುದು, ಈ ನಿಯಮ ಇಳಿಯುವುದಿಲ್ಲ.

"ಚಿಕ್ಕ ಮಕ್ಕಳಿಗೂ ಹಂಗಾಗ್ತತೇನ್ರಿ?"

"ಮಕ್ಕಳಿಗೇ ಹೆಚ್ಚು."

ಭೂಮಿತಾಯಿಗೆಂದು ಬಡಿಸಿದ ತುತ್ತು ಎಲ್ಲೋ ಕೂಸಿನ ಗಂಟಲು ಹಿಡಿದೀತೆಂದು ಗಿರಿಯಮ್ಮನ ವಂಶದಲ್ಲಿ ಯಾರೂ ಎಣಿಸಿರಲಿಲ್ಲ. ಅವಳು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬರ್ರೇ ಎಲ್ಲಾ!" ಎಂದು ಹೆಂಗಸರನ್ನು ಕೂಗಿದಳು. ಬಳ್ಳಿಯ ಮೇಲಿದ್ದ ಕಾಯಿ, ಮಿಡಿ, ಬಾಡಿದ ಹೂವು ಒಂದನ್ನೂ ಬಿಡದೆ ಕೀಳಿಸಿ ದನದ ಕೊಟ್ಟಿಗೆಗೆ ಹೊರಿಸಿದಳು. ಭರಮಣ್ಣ ತಲೆ ತಗ್ಗಿಸಿ ಬಳ್ಳಿಗೆ ನೀರು ಹೊಡೆಯುತ್ತ ನಿಂತ. "ಹಂಗ್ಯಾಕ ನಿಂತೀರಿ, ನೀವೇನು ಕಳ್ಳತನ ಮಾಡೀರೇನು? ಮುಂದಿನ ವರ್ಷ ತಾಯಿಗೆ ಕುಂಬಳಕಾಯಿ ಪಲ್ಯ, ಅನ್ನ ಬಡಿಸೋಣ. ಹೋಳಿಗೆ ನಾವು ಉಣ್ಣೋಣ," ಎಂದು ಅವನ ಕೈಯಿಂದ ಪೈಪು ಕಸಿದುಕೊಂಡಳು. ಹೊಸ ಹೂವು ಕಾಯಾದ ಮೇಲೆ ಮತ್ತೆ ನೋಡಬಹುದೆಂದು ಆಶಾರಾಣಿ ಹೇಳಿದರು. ಆದರೆ ಹೊಸ ಗಿರಾಕಿಗೆಂದು ಹೊರಡುವ ಮೊದಲ ಲಾರಿಯಲ್ಲಿ ಅಷ್ಟರೊಳಗೆ ಜಾಗ ಉಳಿದಿರುತ್ತದೆಂಬ ಮಾತು ಕೊಡಲಿಲ್ಲ.

ಆಶಾರಾಣಿಯವರ ಕಾರು ತಿರುವು ದಾಟಿದ ಮೇಲೆ, ಹಿಂದೆ ಉಳಿದಿದ್ದ ತಿಪ್ಪೇಶ್ ಗಿರಿಯಮ್ಮನನ್ನು ಪಕ್ಕಕ್ಕೆ ಕರೆದ.

"ಅಕ್ಕಾ, ಲಾರಿ ತಪ್ಪಿಸ್ಕೊಂಡ್ರೆ ಮತ್ತೆ ನಿಮ್ಮೂರ ಹೆಸರು ಬರೋದು ಕಷ್ಟ. ಆವರಗೆರೆಯಾಗೆ ನಮ್ಮ ಪರಿಚಯದೋರ ಹೊಲ ಐತೆ. ಅವರ ಕಾಯಿನ ನಿನ್ನ ಹೆಸರಿನಾಗೆ ತುಂಬಿಸ್ತೀನಿ. ಯಾರಿಗೂ ಗೊತ್ತಾಗಲ್ಲ. ನಿನಗೋಸ್ಕರ ಅಂತಲೇ ಮಾಡೋದು ನಾನು."

ಹೆಂಗಸರು ಬುಟ್ಟಿ ಕೆಳಗಿಟ್ಟು ಇತ್ತಲೇ ನೋಡುತ್ತಿದ್ದರು. ಗಿರಿಯಮ್ಮ ಅವರ ಮುಖ ನೋಡಿದಳು, ಬರಿದಾದ ಬಳ್ಳಿ ನೋಡಿದಳು.

"ನಿನ್ನ ಮನಸ್ಸು ಒಳ್ಳೇದು, ಇಲ್ಲ ಅನ್ನಲ್ಲ. ಆದ್ರೆ ಬ್ಯಾಡಪ್ಪಾ ತಿಪ್ಪೇಶ. ಆವರಗೆರೆ ಹೊಲದಾಗೆ ಏನು ಚೆಲ್ಯಾರೋ ನಾ ಕಂಡಿಲ್ಲ. ಕಾಣದ ಕಾಯಿಗೆ ನನ್ನ ಹೆಸರು ಹಚ್ಚಿ, ಕಾಣದ ಮಕ್ಕಳ ಬಾಯಿಗೆ ಹೆಂಗೆ ಕಳಿಸಲಿ? ಲಾರಿ ಹೋಗ್ತತೇನು, ಹೋಗ್ಲಿ ಬಿಡು. ಬಳ್ಳಿ ಜೀವ ಐತೆ, ನಮ್ಮ ಕೈಯೂ ಗಟ್ಟಿ ಅದಾವೆ. ನೀ ಹೊರಡು, ನಮಗೆ ಕೆಲಸ ಐತೆ."